ಸಂಗೀತ ಪುಸ್ತಕದೊಳಗಿನ ಚೀಟಿ

ನಮ್ಮ ಸಭೆಯಲ್ಲಿ ಬೆಳೆ ಹಬ್ಬ ಬರುವುದು ನವೆಂಬರಿನಲ್ಲಿ. ಆರಾಧನೆ ಮುಗಿದ ಕೂಡಲೇ ಚರ್ಚಿನ ಅಂಗಳದಲ್ಲಿ ಏಲಂ ಶುರು. ಬಾಳೆಗೊನೆ, ಕೆಂದಾಳಿ ಎಳನೀರು, ಸುವರ್ಣಗೆಡ್ಡೆ, ಚೀನಿಕಾಯಿ, ಕಾಲು ಕಟ್ಟಿದ ಊರ ಹುಂಜ, ಹೆಂಗಸರು ಹಾಕಿ ತಂದ ಉಪ್ಪಿನಕಾಯಿಯ ಭರಣಿ, ಹೀಗೆ ಮನೆಮನೆಯ ಪ್ರಥಮಫಲವೆಲ್ಲ ಉದ್ದನೆಯ ಮೇಜಿನ ಮೇಲೆ ಬಂದು ಕೂರುತ್ತದೆ. ಅಲ್ಲಿ ಕೂಗುವ ಬೆಲೆಗೂ ಪೇಟೆಯ ಬೆಲೆಗೂ ಸಂಬಂಧವಿಲ್ಲ. ಒಂದು ಲಿಂಬೆಹಣ್ಣಿಗೆ 500 ರೂಪಾಯಿ ಕೂಗುವವರಿದ್ದಾರೆ. ಕೊಂಡವರು ಕೆಲವೊಮ್ಮೆ ಅದೇ ವಸ್ತುವನ್ನು ಮತ್ತೆ ಕಾಣಿಕೆಯಾಗಿ ಬಿಟ್ಟುಕೊಡುತ್ತಾರೆ, ಅದು ಎರಡನೆಯ ಸಲ ಏಲಂ ಆಗುತ್ತದೆ. ಕೈಯಲ್ಲಿ ದುಡ್ಡಿಲ್ಲದವರು ಮುಂದಿನ ಭಾನುವಾರ ಕೊಡುತ್ತೇನೆಂದು ಹೇಳಿ ಹೋಗುತ್ತಾರೆ. ಲೆಕ್ಕ ಬರೆಯುವವನು ಕಣ್ಣು ಕಿವಿ ಎರಡನ್ನೂ ತೆರೆದಿಟ್ಟುಕೊಂಡಿರಬೇಕು. 2017ರಲ್ಲಿ ಆ ಲೆಕ್ಕ ಬರೆದವನು ನಾನು. ಸಭೆಯ ಖಜಾಂಚಿ, ಸಭಾಹಿರಿಯ, 31 ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಮಾಸ್ಟ್ರು.

ಆ ದಿನ ಪುಸ್ತಕದ ಮೊತ್ತಕ್ಕೂ ಡಬ್ಬಿಯಲ್ಲಿದ್ದ ಹಣಕ್ಕೂ 2,500 ರೂಪಾಯಿ ವ್ಯತ್ಯಾಸ ಬಂತು. ಮೂರು ಸಲ ಎಣಿಸಿದೆ. ಅಂಗಳದಲ್ಲಿ ಊಟಕ್ಕೆ ಎಲೆ ಹಾಕುತ್ತಿದ್ದರು. ಏಲಂ ಮೇಜಿನಿಂದ ಡಬ್ಬಿಯನ್ನು ವೆಸ್ಟ್ರಿಗೆ ಒಯ್ದಿಟ್ಟವರು ಚರ್ಚಿನ ಗಂಟೆ ಹೊಡೆಯುವವರು. ಅಂಗಳ ಗುಡಿಸುವುದು, ದೀಪ ನೋಡಿಕೊಳ್ಳುವುದು, ಬಾಗಿಲು ತೆಗೆಯುವುದು ಎಲ್ಲ ಅವರದೇ. ಮಕ್ಕಳಿಗೆ ಅವರು ಗಂಟೆಮಾಮ. ನಾನು ಅವರನ್ನು ಕರೆದು ಎಲ್ಲರಿಗೂ ಕೇಳುವ ಸ್ವರದಲ್ಲಿ ಹೇಳಿದೆ: “ಡಬ್ಬಿ ಇದ್ದದ್ದು ನಿನ್ನ ಕೈಯಲ್ಲಿ. ವೆಸ್ಟ್ರಿಯ ಬೀಗದ ಕೈ ಇರುವುದೂ ನಿನ್ನ ಹತ್ತಿರ. ಸರಿಯಾಗಿ ನೆನಪು ಮಾಡಿಕೋ.”

ಕಳ್ಳ ಎನ್ನಲಿಲ್ಲ. ಅದೇ ಮಾತನ್ನು ಮುಂದೆ ಎಷ್ಟೋ ತಿಂಗಳು ನನಗೆ ನಾನೇ ಹೇಳಿಕೊಂಡೆ. ಆದರೆ ಎಲೆಯ ಮುಂದೆ ಕೂತಿದ್ದವರ ಕೈ ಅರ್ಧದಲ್ಲಿ ನಿಂತದ್ದನ್ನು ನಾನು ಕಂಡಿದ್ದೆ. ಗಂಟೆಮಾಮ ಏನೂ ಅನ್ನಲಿಲ್ಲ. ಸೊಂಟದ ಬೀಗದ ಕೈ ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟು, ಊಟ ಮಾಡದೆ ಹೋದರು. ಮುಂದಿನ ಭಾನುವಾರ ಗಂಟೆ ಹೊಡೆಯಲು ಯುವಕರ ಸಂಘದ ಹುಡುಗನೊಬ್ಬ ಬಂದ.

ನಾವು ಮನೆಯಲ್ಲಿ ಆಡುವುದು ತುಳು, ಪ್ರಾರ್ಥಿಸುವುದು ಕನ್ನಡದಲ್ಲಿ. ತುಳುವಿನಲ್ಲಿ ‘ಈ’ ಎಂದರೆ ನೀನು, ‘ಈರ್’ ಎಂದರೆ ನೀವು. ನಡುವೆ ಇರುವುದು ಒಂದು ‘ರ್’ ಮಾತ್ರ. ಅವರು ನನಗಿಂತ 6 ವರ್ಷ ದೊಡ್ಡವರು. ಅವರ ಅಜ್ಜ ಮಲ್ಪೆಯಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು, ನನ್ನಜ್ಜ ಅದೇ ಮಿಷನ್ನಿನ ಉಪದೇಶಿ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಮಿಷನರಿಗಳ ಕಥೆಯನ್ನು ಸಭೆಯ ವಾರ್ಷಿಕೋತ್ಸವಗಳಲ್ಲಿ ಹೇಳುವವನು ನಾನೇ, ಹೇಳುವಾಗ ಉಪದೇಶಿಯ ಮೊಮ್ಮಗ ಎಂಬುದನ್ನು ಸೇರಿಸದೆ ಬಿಟ್ಟದ್ದಿಲ್ಲ. ಅವರು ನನ್ನನ್ನು ಯಾವತ್ತೂ ‘ಈರ್’ ಎಂದೇ ಕರೆದರು. ನಾನು ಅವರನ್ನು ಯಾವತ್ತೂ ‘ಈ’ ಎಂದೇ ಕರೆದೆ. ಇಪ್ಪತ್ತು ವರ್ಷ ಇಬ್ಬರೂ ಒಂದೇ ಮೇಜಿನಿಂದ ರೊಟ್ಟಿ ದ್ರಾಕ್ಷಾರಸ ತೆಗೆದುಕೊಂಡೆವು. ಆ ‘ರ್’ ನನ್ನ ಬಾಯಿಗೆ ಬರಲಿಲ್ಲ, ಬರಬೇಕೆಂದು ಹೊಳೆಯಲೂ ಇಲ್ಲ. ಅಂಗಳದಲ್ಲಿ ಆಡಿದ ಮಾತು ಆ ದಿನ ಹುಟ್ಟಿದ್ದಲ್ಲ ಎಂದು ಈಗ ತಿಳಿಯುತ್ತದೆ.

ಡಿಸೆಂಬರ್ 3, ಆಗಮನ ಕಾಲದ ಮೊದಲ ಭಾನುವಾರ. ಆರಾಧನೆಯ ಮೊದಲು ಸಂಗೀತ ಪುಸ್ತಕದ ಹಾಳೆ ಮಗುಚುತ್ತಿದ್ದಾಗ ಬೆಳೆ ಹಬ್ಬದ ಸಂಗೀತವಿದ್ದ ಪುಟದಿಂದ ಒಂದು ಚೀಟಿ ಕಾಲ ಬಳಿ ಬಿತ್ತು. ಬಿಲ್ಲಿನ ಹಿಂಬದಿಯಲ್ಲಿ ನನ್ನದೇ ಅಕ್ಷರ: ಕದಳಿ ಗೊನೆ, 2,500, ಬಾಕಿ, ಕೆಳಗೆ ಕೊಂಡವರ ಹೆಸರು. ನೋಡುತ್ತಿದ್ದಂತೆ ಎಲ್ಲ ನೆನಪಾಯಿತು. ಗೊನೆಯನ್ನು 2,500ಕ್ಕೆ ಕೊಂಡವರು ಅಲ್ಲೇ ಮತ್ತೆ ಕಾಣಿಕೆಗೆ ಬಿಟ್ಟಿದ್ದರು, ಅದು ಎರಡನೆಯ ಸಲ 1,800ಕ್ಕೆ ಹೋಗಿತ್ತು. ಎರಡನೆಯವರು ನಗದು ಕೊಟ್ಟರು. ಮೊದಲನೆಯವರು ಮುಂದಿನ ವಾರ ಎಂದರು. ಎರಡನ್ನೂ ಪುಸ್ತಕದಲ್ಲಿ ಬರೆದುಕೊಂಡ ನಾನು ಬಾಕಿಯ ಚೀಟಿಯನ್ನು ಕೈಗೆ ಸಿಕ್ಕಿದ ಪುಸ್ತಕದೊಳಗೆ ಸೇರಿಸಿ ಮರೆತಿದ್ದೆ.

ಮಧ್ಯಾಹ್ನವೇ ಆ ಮನೆಗೆ ಫೋನು ಮಾಡಿದೆ. “ನೀವು ನೆನಪಿಸುತ್ತೀರಿ ಅಂತ ಕಾಯ್ತಾ ಇದ್ದೆ ಮಾಸ್ಟ್ರೇ” ಎಂದು ಅವರು ಸಂಜೆಗೇ ಹಣ ಕಳಿಸಿದರು. ಸಮಿತಿಯ ಸಭೆಯಲ್ಲಿ ನಾನು ಹೇಳಿದ್ದು ಇಷ್ಟೇ: “ಬಾಕಿ ಬಂತು, ಲೆಕ್ಕ ಸರಿಯಾಯಿತು.” ಯಾರೂ ಏನೂ ಕೇಳಲಿಲ್ಲ. ಅದರಲ್ಲಿ ಸುಳ್ಳಿನ ಒಂದು ಶಬ್ದವೂ ಇರಲಿಲ್ಲ. ಹಾಗೆ ಜೋಡಿಸಿದ್ದೆ.

ಮರುದಿನ ಬೆಳಗಿನ ಪ್ರಾರ್ಥನೆಗೆ ಮೊಣಕಾಲೂರಿದಾಗ ಒಂದೇ ಮಾತು ಮನಸ್ಸಿಗೆ ಬಂತು: ಹೋಗು. ಗಂಟೆಮಾಮನ ಮನೆ ನಮ್ಮ ಮನೆಯಿಂದ ಅಡಿಕೆ ತೋಟ ದಾಟಿದರೆ ಹತ್ತು ನಿಮಿಷದ ದಾರಿ. ದೇವರ ಚಿತ್ತ ತಿಳಿಯುವುದು ಕಷ್ಟ ಎನ್ನುವವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಎಷ್ಟೋ ವಿಷಯಗಳಲ್ಲಿ ಅದು ಕಷ್ಟವೇ. ಆದರೆ ನನಗೆ ಆ ದಿನ ಯಾವ ಕಷ್ಟವೂ ಇರಲಿಲ್ಲ. ಎಲ್ಲಿಗೆ, ಯಾರ ಬಳಿಗೆ, ಏನು ಹೇಳಲಿಕ್ಕೆ, ಎಲ್ಲ ಬಿಸಿಲಿನಷ್ಟು ಸ್ಪಷ್ಟವಾಗಿತ್ತು. ನಾನು ಹೋಗಲಿಲ್ಲ.

ಬದಲಿಗೆ ಬೇರೆಯದನ್ನೆಲ್ಲ ಮಾಡಿದೆ. ಶುಕ್ರವಾರ ಉಪವಾಸ ಹಿಡಿದೆ. ಕ್ರಿಸ್ಮಸ್ಸಿಗೆ ಕೃತಜ್ಞತಾ ಕಾಣಿಕೆಯ ಲಕೋಟೆಯಲ್ಲಿ 10,000 ರೂಪಾಯಿ ಇಟ್ಟೆ. ಸಂಡೇ ಸ್ಕೂಲ್ ಕೋಣೆಗೆ ಎರಡು ಫ್ಯಾನ್ ಹಾಕಿಸಿಕೊಟ್ಟೆ. ಬೆಳಗಿನ ಪ್ರಾರ್ಥನೆಯನ್ನು ಅರ್ಧ ಗಂಟೆಯಿಂದ ಒಂದು ಗಂಟೆಗೆ ಏರಿಸಿದೆ. ಒಂದು ಗಂಟೆ ಮಾತಾಡುತ್ತಲೇ ಇದ್ದರೆ ಆ ಒಂದು ಶಬ್ದಕ್ಕೆ ಎಡೆ ಸಿಗುವುದಿಲ್ಲ. ಅದನ್ನು ತಿಳಿದು ಮಾಡಿದೆನೋ ತಿಳಿಯದೆಯೋ, ಇವತ್ತಿಗೂ ನಿಶ್ಚಯವಾಗಿ ಹೇಳಲಾರೆ.

ಸಿರಿಯದ ಸೇನಾಪತಿ ನಾಮಾನನ ಕಥೆಯನ್ನು ಸಂಡೇ ಸ್ಕೂಲ್ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕುಷ್ಠ ವಾಸಿ ಮಾಡಿಸಿಕೊಳ್ಳಲು ಕುದುರೆ ರಥಗಳೊಂದಿಗೆ, ಬೆಳ್ಳಿ ಬಂಗಾರ ಹೊರಿಸಿಕೊಂಡು ಬಂದವನಿಗೆ ಎಲೀಷ ಮುಖವನ್ನೂ ತೋರಿಸದೆ, ಯೊರ್ದನಿನಲ್ಲಿ ಏಳು ಸಲ ಮುಳುಗೆಂದು ಆಳಿನ ಬಾಯಲ್ಲಿ ಹೇಳಿಕಳಿಸಿದ. ಅವನು ಸಿಟ್ಟಿನಿಂದ ತಿರುಗಿ ಹೊರಟ. ದೊಡ್ಡ ಕೆಲಸ ಹೇಳಿದ್ದರೆ ಮಾಡುತ್ತಿರಲಿಲ್ಲವೇ ಎಂದು ಕೇಳಿ ಅವನನ್ನು ನಿಲ್ಲಿಸಿದವರು ಅವನ ಸೇವಕರು. ನಾಮಾನನಿಗೆ ಭಾರವಾದದ್ದು ಕೆಲಸದ ದೊಡ್ಡತನವಲ್ಲ, ಸಣ್ಣತನ. ಬೆಳ್ಳಿ ಬಂಗಾರ ಕೊಡುವಾಗ ಅವನು ಸೇನಾಪತಿಯಾಗಿಯೇ ಉಳಿಯುತ್ತಾನೆ. ನೀರಿಗಿಳಿಯಬೇಕಾದರೆ ಬಟ್ಟೆ ಕಳಚಬೇಕು, ಆಗ ಆಳುಗಳ ಕಣ್ಣೆದುರಿಗೇ ಆ ಮೈ ಕಾಣುತ್ತದೆ. ಫ್ಯಾನ್ ಕೊಟ್ಟಾಗ ನಾನು ಮಾಸ್ಟ್ರಾಗಿಯೇ ಉಳಿದಿದ್ದೆ. ಆ ತೋಟ ದಾಟಿದರೆ ಉಳಿಯುತ್ತಿರಲಿಲ್ಲ.

ಮುಂದಿನದನ್ನು ಬರೆಯಲು ಕೈ ಏಳುವುದಿಲ್ಲ, ಆದರೂ ಬರೆಯಬೇಕು. ಮಾರ್ಚ್ ಮೊದಲ ವಾರ ಗಂಟೆಮಾಮನ ತಾಯಿ ತೀರಿಕೊಂಡರು. 90ರ ಹತ್ತಿರದ ಜೀವ. ಸಭಾಹಿರಿಯನಾಗಿ ನಾನು ಹೋಗಲೇಬೇಕಿತ್ತು, ಹೋದೆ. ಸಮಾಧಿಯ ಬಳಿ ಸತ್ಯವೇದದ ಪಾಠ ಓದುವ ಸರದಿ ನನ್ನದು. ಕೆಂಪು ಮಣ್ಣಿನ ರಾಶಿಯ ಆಚೆ ಅವರು ನಿಂತಿದ್ದರು, ಈಚೆ ನಾನು ಪುಸ್ತಕ ಹಿಡಿದು ನಿಂತಿದ್ದೆ. ಸ್ವರ ಒಂದಿಷ್ಟೂ ನಡುಗದಂತೆ ಓದಿದೆ. ಓದು ಚೆನ್ನಾಗಿತ್ತೆಂದು ಇಬ್ಬರು ಹೇಳಿದರು. ಎಲ್ಲರೊಂದಿಗೆ ಮೂರು ಹಿಡಿ ಮಣ್ಣು ಹಾಕಿದೆ. ಅವರ ಕೈ ಹಿಡಿದು “ಕರ್ತರು ಬಲಪಡಿಸಲಿ” ಎಂದೆ. ಹೇಳಬೇಕಾದ ಇನ್ನೊಂದು ಮಾತು ಬಾಯಿಯೊಳಗೇ ಇತ್ತು. ಇದು ಸಂದರ್ಭವಲ್ಲ ಎಂದು ಅದನ್ನು ನುಂಗಿಕೊಂಡೆ.

ಅದೇ ತಿಂಗಳ 25ರಂದು ಗರಿಗಳ ಭಾನುವಾರ. ಸಭಾಪಾಲಕರು ಪಕ್ಕದ ಸಭೆಗೆ ಹೋಗಬೇಕಿದ್ದರಿಂದ ಪ್ರಸಂಗ ನನಗೆ ಬಂತು. ಪಾಠ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯ. ದೇವರ ಸರಿಸಮಾನನಾಗಿದ್ದ ಕ್ರಿಸ್ತನು ದಾಸನ ರೂಪಕ್ಕೆ ಇಳಿದದ್ದನ್ನೂ ಶಿಲುಬೆಯ ಮರಣದವರೆಗೆ ವಿಧೇಯನಾದದ್ದನ್ನೂ ಪೌಲ ಅಲ್ಲಿ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ನಾನು 35 ನಿಮಿಷ ಮಾತಾಡಿದೆ. ವಿಧೇಯತೆ ಎಂಬ ನಮ್ಮ ಸತ್ಯವೇದದ ಶಬ್ದ ಸ್ವಲ್ಪ ದೂರದ್ದು, ಮನೆಯಲ್ಲಿ ನಾವು ಅದಕ್ಕೆ ‘ಮಾತು ಕೇಳುವುದು’ ಎನ್ನುತ್ತೇವೆ ಎಂದೆ. ಮಾತು ಕೇಳದ ಹುಡುಗ ಎಂದರೆ ಕಿವಿ ಕೇಳದವನಲ್ಲ. ಪೌಲ ಬರೆದ ಗ್ರೀಕಿನಲ್ಲಿ ವಿಧೇಯತೆಯ ಶಬ್ದದೊಳಗೂ, ಹಳೆ ಒಡಂಬಡಿಕೆಯ ಇಬ್ರಿಯದಲ್ಲೂ, ಇರುವುದು ಇದೇ ಕೇಳುವಿಕೆ ಎಂದು ವಿವರಿಸಿದೆ. ಜನ ತಲೆದೂಗಿದರು. ಕನ್ನಡದ ‘ಕೇಳು’ವಿಗೆ ಇನ್ನೊಂದು ಬಳಕೆಯೂ ಇದೆ, ಕ್ಷಮೆ ಕೇಳು. ಟಿಪ್ಪಣಿಯಲ್ಲಿ ಅದನ್ನು ಬರೆದಿದ್ದೆ. ಹೇಳುವಾಗ ಆ ಸಾಲನ್ನು ಹಾರಿಸಿದೆ.

ಕೊನೆಯ ಬೆಂಚಿನಲ್ಲಿ ಗಂಟೆಮಾಮನ ಹೆಂಡತಿ ಕೂತಿದ್ದರು. ಗಂಡ ಚರ್ಚಿಗೆ ಬರುವುದನ್ನು ಬಿಟ್ಟ ಮೇಲೂ ಅವರು ಒಂದು ಭಾನುವಾರವನ್ನೂ ತಪ್ಪಿಸಿರಲಿಲ್ಲ.

ನಮ್ಮ ಸಿಎಸ್‌ಐ ಸಭೆಗಳ ಕರ್ತರ ಭೋಜನದ ಆರಾಧನೆಯಲ್ಲಿ ಸಮಾಧಾನ ಹಂಚುವ ಒಂದು ಘಟ್ಟವಿದೆ. ಪ್ರಾಯದವರಿಗೆ ಇದರ ಹಿನ್ನೆಲೆ ಗೊತ್ತಿರಲಿಕ್ಕಿಲ್ಲ. 1947ರಲ್ಲಿ ಬೇರೆ ಬೇರೆ ಸಭೆಗಳು ಕೂಡಿ ದಕ್ಷಿಣ ಇಂಡಿಯಾ ಸಭೆಯಾದ ಮೇಲೆ 1950ರಲ್ಲಿ ಹೊಸ ಆರಾಧನಾ ಕ್ರಮ ಬಂತು. ಅದನ್ನು ರೂಪಿಸಿದವರು ಈ ಪದ್ಧತಿಯನ್ನು ಕೇರಳದ ಸಿರಿಯನ್ ಕ್ರೈಸ್ತರ ಸಂಪ್ರದಾಯದಿಂದ ತಂದುಕೊಂಡರು. ಸಭಾಪಾಲಕರ ಅಂಗೈಯಿಂದ ಹಿರಿಯರ ಅಂಗೈಗೆ, ಅಲ್ಲಿಂದ ಬೆಂಚು ಬೆಂಚಿಗೆ, ಒಬ್ಬರ ಎರಡು ಕೈಗಳ ನಡುವೆ ಇನ್ನೊಬ್ಬರ ಕೈ ಇಟ್ಟು ಅದು ಕೊನೆಯವರೆಗೆ ಹೋಗುತ್ತದೆ. ಆಮೇಲೆಯೇ ಕಾಣಿಕೆಯ ಸಂಗೀತ. ಈ ಕ್ರಮ ಸುಮ್ಮನೆ ಬಂದದ್ದಲ್ಲ. ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಅವನ ಬಳಿಗೆ ಹೋಗಬೇಕೆಂದು ಪರ್ವತ ಪ್ರಸಂಗದಲ್ಲಿ ಯೇಸು ಹೇಳಿದ ಮಾತು ಅದರ ಹಿಂದಿದೆ. ನನ್ನಜ್ಜಿ ಹೇಳುತ್ತಿದ್ದರು, ಅವರ ಕಾಲದಲ್ಲಿ ಜಗಳವಾಡಿಕೊಂಡವರು ರಾಜಿಯಾಗದೆ ಕರ್ತರ ಮೇಜಿಗೆ ಬರುವಂತಿರಲಿಲ್ಲ, ಅಯ್ಯನವರು ಹಿಂದಿನ ದಿನವೇ ಕರೆದು ವಿಚಾರಿಸುತ್ತಿದ್ದರು ಎಂದು. ನನ್ನನ್ನು ಯಾರು ವಿಚಾರಿಸಬೇಕು? ಹಿರಿಯರ ಸಾಲಿನಲ್ಲಿ ನಿಂತು ಸಮಾಧಾನವನ್ನು ಕೊನೆಯ ಬೆಂಚಿಗೆ ತಲುಪಿಸುವವನೇ ನಾನು.

ಪ್ರತಿ ತಿಂಗಳೂ ಆ ಹೆಂಗಸು ಎರಡೂ ಕೈ ಚಾಚಿ ನನ್ನಿಂದ ಸಮಾಧಾನ ತೆಗೆದುಕೊಂಡರು. ಒಮ್ಮೆಯೂ ಮುಖ ತಿರುಗಿಸಲಿಲ್ಲ. 2018ರ ಅಕ್ಟೋಬರಿನಲ್ಲಿ ಬೆಳೆ ಹಬ್ಬದ ಪ್ರಕಟಣೆ ಓದಿದ ಭಾನುವಾರ, ಆರಾಧನೆ ಬಿಟ್ಟ ಮೇಲೆ ನಳ್ಳಿಯ ಹತ್ತಿರ ಸಿಕ್ಕಿದರು. “ಬೆಳೆ ಹಬ್ಬ ಬಂತಲ್ಲ ಮಾಸ್ಟ್ರೇ” ಎಂದರು. ಸ್ವಲ್ಪ ತಡೆದು, “ಅವರಿಗೆ ಈಗ ರಾತ್ರಿ ನಿದ್ದೆಯಿಲ್ಲ” ಎಂದರು. ದೂರಿನ ದನಿಯೇ ಅಲ್ಲ ಅದು. ಮನೆಯಲ್ಲಿ ಹುಷಾರಿಲ್ಲ ಎನ್ನುವಾಗ ಹೇಳುವಂತೆ ಹೇಳಿದರು. ಹನ್ನೊಂದು ತಿಂಗಳು ನಾನು ಪ್ರಸಂಗ ಮಾಡಿದ್ದನ್ನು ಈಕೆ ತಿಂಗಳು ತಿಂಗಳೂ ಮಾಡಿಕೊಂಡೇ ಬಂದಿದ್ದರು.

ಆ ವಾರದ ಶನಿವಾರ ಸಂಜೆ ಹೋದೆ. ಅವರು ಜಗಲಿಯಲ್ಲಿ ಕೂತು ಮಡಲು ಹೆಣೆಯುತ್ತಿದ್ದರು. ನನ್ನನ್ನು ಕಂಡು ಎದ್ದರು, ಕುರ್ಚಿ ತಂದಿಟ್ಟರು. ಒಳಗಿನಿಂದ ಬೆಲ್ಲ ನೀರು ಬಂತು. ನಾನು ಕುರ್ಚಿಯಲ್ಲಿ ಕೂರಲಾರದೆ ಜಗಲಿಯ ಅಂಚಿನಲ್ಲಿ ಕೂತೆ. ಚೀಟಿಯನ್ನು ತೆಗೆದು ಕೊಟ್ಟೆ. ಅವರು ಅದನ್ನು ದೂರಕ್ಕೆ ಹಿಡಿದು, ಬೆಳಕಿಗೆ ತಿರುಗಿಸಿ ಓದಿದರು. ಗೊನೆ, ಬಾಕಿ, ಪುಸ್ತಕ, ಡಿಸೆಂಬರ್ 3, ಸಮಿತಿಯಲ್ಲಿ ನಾನು ಹೇಳಿದ್ದು, ಹೇಳದೆ ಬಿಟ್ಟದ್ದು, ಎಲ್ಲ ಹೇಳಿದೆ. “ಈರ್ ನನ್ನನ್ನು ಕ್ಷಮಿಸಬೇಕು” ಎಂದೆ. ಆ ‘ರ್’ ಹೇಳುವಾಗ ನಾಲಿಗೆ ಹೊಸದಾಗಿ ಕಲಿತವನ ಹಾಗೆ ಎಡವಿತು.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: “ಆ ದಿನ ಅಂಗಳದಲ್ಲಿ ಎಷ್ಟು ಜನ ಇದ್ದರು ಮಾಸ್ಟ್ರೇ?”

“ಇನ್ನೂರು ಇದ್ದಿರಬಹುದು.”

“ಇವತ್ತು ಇಲ್ಲಿ?”

ನನ್ನಲ್ಲಿ ಉತ್ತರವಿರಲಿಲ್ಲ. ಅವರು ಚೀಟಿಯನ್ನು ಹಿಂದಕ್ಕೆ ಕೊಟ್ಟು ಮಡಲು ಕೈಗೆತ್ತಿಕೊಂಡರು. ತಲೆ ಎತ್ತದೆ ಹೇಳಿದರು: “ಅಮ್ಮ ಕಡೆಯವರೆಗೂ ಕೇಳುತ್ತಲೇ ಇದ್ದರು, ಲೆಕ್ಕ ಸಿಕ್ಕಿತಾ ಮಗಾ ಅಂತ.” ಲೆಕ್ಕ ಸಿಕ್ಕಿ ಮೂರು ತಿಂಗಳಾಗಿದ್ದಾಗ ನಾನು ಆ ತಾಯಿಗೆ ಮಣ್ಣು ಹಾಕಿದ್ದೆ.

ರಾತ್ರಿ ಸಮುವೇಲನ ಮೊದಲ ಪುಸ್ತಕದ 15ನೆಯ ಅಧ್ಯಾಯ ತೆರೆದೆ. ದೇವರು ಬೇಡವೆಂದ ಕುರಿದನಗಳನ್ನು ಉಳಿಸಿಕೊಂಡು, ಯಜ್ಞಕ್ಕಾಗಿ ಎಂದು ನೆಪ ಹೇಳಿದ ಸೌಲನ ಕಥೆ. ವಿಧೇಯತೆಯ ಪ್ರಸಂಗಕ್ಕೆ ಎಲ್ಲರೂ ಬಳಸುವ ಭಾಗ ಅದು, ನಾನೂ ಎಷ್ಟೋ ಸಲ ಬಳಸಿದ್ದೆ. ಆದರೆ ಕೊನೆಯ ಭಾಗದಲ್ಲಿ ಯಾವತ್ತೂ ನಿಂತಿರಲಿಲ್ಲ. ಸೌಲ ತಪ್ಪೊಪ್ಪಿಕೊಳ್ಳುತ್ತಾನೆ. ಪಾಪ ಮಾಡಿದೆ ಎನ್ನುತ್ತಾನೆ. ಅದರ ಬೆನ್ನಿಗೇ, ಜನರ ಹಿರಿಯರೆದುರು ತನ್ನ ಮಾನ ಉಳಿಸಿ ಜೊತೆಗೆ ಬರುವಂತೆ ಸಮುವೇಲನನ್ನು ಬೇಡುತ್ತಾನೆ. ಪಾಪ ಒಳಗೆ ಒಪ್ಪಿಗೆಯಾಗಲಿ, ಗೌರವ ಹೊರಗೆ ಹಾಗೇ ಇರಲಿ. ನಾನು ಆ ಸಂಜೆ ಜಗಲಿಯಲ್ಲಿ ಕೇಳಿದ್ದೂ ಅದನ್ನೇ. ದೀನನಾಗಿದ್ದೇನೆ ಎಂದುಕೊಂಡೇ ಹೋಗಿದ್ದೆ, ಕತ್ತಲಾಗುವ ಹೊತ್ತು ನೋಡಿಕೊಂಡು.

ಪ್ರಕಟಣೆ ಬರೆಯಲು ಕೂತೆ. ಕಳೆದ ವರ್ಷ ಒಂದು ತಪ್ಪು ತಿಳುವಳಿಕೆ ಉಂಟಾಗಿತ್ತು ಎಂದು ಬರೆದೆ. ಹರಿದೆ. ಲೆಕ್ಕದಲ್ಲಿ ಆಗಿದ್ದ ವ್ಯತ್ಯಾಸವು ಸರಿಪಡಿಸಲ್ಪಟ್ಟಿದೆ ಎಂದು ಬರೆದೆ. 31 ವರ್ಷ ಮಕ್ಕಳಿಗೆ ಕರ್ತೃಪದ, ಕರ್ಮಪದ, ಕ್ರಿಯಾಪದ ಗುರುತಿಸಲು ಕಲಿಸಿದವನಿಗೆ ತನ್ನ ವಾಕ್ಯದಲ್ಲಿ ಏನಿಲ್ಲ ಎಂದು ಕಾಣದೆ ಇರುತ್ತದೆಯೇ? ನಾನು ಎಂಬ ಪದ ಎಲ್ಲೂ ಇರಲಿಲ್ಲ. ಎರಡು ವಾರ ಹೀಗೇ ಹೋಯಿತು. ಕೊನೆಗೆ ಕಾಗದ ಬಿಟ್ಟು, ಸಭಾಪಾಲಕರ ಬಳಿ ಹೋಗಿ ಎಲ್ಲ ಹೇಳಿ, ಬೆಳೆ ಹಬ್ಬದ ದಿನ ಕಾಣಿಕೆಗೆ ಮೊದಲು ಐದು ನಿಮಿಷ ಕೊಡಿ ಎಂದು ಕೇಳಿದೆ. ಅವರು ನನ್ನ ಮುಖ ನೋಡಿ, ಪ್ರಾರ್ಥನೆ ಮಾಡಿ ಕಳಿಸಿದರು.

ಐದು ನಿಮಿಷ ಬೇಕಾಗಲಿಲ್ಲ. ಹಣ ಕಳೆದಿರಲಿಲ್ಲ, ಚೀಟಿ ನನ್ನ ಪುಸ್ತಕದಲ್ಲೇ ಇತ್ತು, ಮೂರು ವಾರದಲ್ಲೇ ನನಗೆ ಗೊತ್ತಾಯಿತು, ಗೊತ್ತಾದ ಮೇಲೂ ಇಷ್ಟು ತಿಂಗಳು ಮುಚ್ಚಿಟ್ಟೆ, ಒಬ್ಬ ನಿರಪರಾಧಿಯನ್ನು ನಿಮ್ಮೆಲ್ಲರೆದುರು ಕಳ್ಳನ ಜಾಗದಲ್ಲಿ ನಿಲ್ಲಿಸಿದವನು ನಾನು ಎಂದೆ. ಕೊನೆಯ ಬೆಂಚಿನಲ್ಲಿ ಅವರಿರಲಿಲ್ಲ, ಹೆಂಡತಿ ಇದ್ದರು. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಖಜಾಂಚಿ ಕೆಲಸವನ್ನೂ ಹಿರಿಯನ ಸ್ಥಾನವನ್ನೂ ಬಿಟ್ಟುಕೊಟ್ಟೆ. ಸಭೆಯ ಮರ್ಯಾದೆ ತೆಗೆದೆ ಎಂದು ಸಿಟ್ಟಾದವರಿದ್ದರು. ಒಬ್ಬರಂತೂ ಸಣ್ಣ ವಿಷಯವನ್ನು ದೊಡ್ಡದು ಮಾಡಿದಿರಿ ಎಂದರು. ಸಣ್ಣದಾಗಿದ್ದಾಗಲೇ ಮಾಡಿದ್ದರೆ ಸಣ್ಣದಾಗಿಯೇ ಇರುತ್ತಿತ್ತು. ತುಂಬ ಜನ ಏನೂ ಹೇಳದೆ ಕೈ ಹಿಡಿದು ಹೋದರು. ಆ ಮೌನ ನನಗೆ ದೊಡ್ಡ ಆಧಾರವಾಯಿತು.

ಹೇಳಿದ ಮೇಲೆ ಮನಸ್ಸು ಹಗುರವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ತಾಯಿಗೆ ಹೇಳುವ ದಾರಿ ನನಗಿಲ್ಲ. ದೇವರು ಕ್ಷಮಿಸಿದ್ದಾನೆ ಎಂದು ನಂಬುತ್ತೇನೆ, ಪೂರ್ಣ ಮನಸ್ಸಿನಿಂದ ನಂಬುತ್ತೇನೆ. ಆದರೂ ತಡವಾಗಿ ಕೇಳಿದ ಮಾತಿಗೆ ತಡದ ಬೆಲೆ ಇದ್ದೇ ಇದೆ, ಅದನ್ನು ತೆತ್ತವರು ಬೇರೆಯವರು.

ಆಮೇಲೆ ನಾನು ಹಿಂದಿನ ಬೆಂಚಿನಲ್ಲಿ ಕೂರತೊಡಗಿದೆ. ಜನವರಿಯ ಒಂದು ಭಾನುವಾರ, ಪಾಠಗಳ ಓದು ನಡೆಯುತ್ತಿದ್ದಾಗ, ಪಕ್ಕದಲ್ಲಿ ಯಾರೋ ಬಂದು ಕೂತರು. ಬಿಳಿ ಅಂಗಿ, ತೆಂಗಿನೆಣ್ಣೆಯ ವಾಸನೆ. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಪ್ರಸಂಗದಲ್ಲಿ ಏನು ಹೇಳಿದರೋ ನನಗೆ ತಿಳಿಯದು. ಸಮಾಧಾನ ಮುಂದಿನಿಂದ ಒಂದೊಂದೇ ಬೆಂಚು ದಾಟಿ ಬಂತು. ಹೊಸ ಹಿರಿಯರು, ಪ್ರಾಯದಲ್ಲಿ ನನ್ನ ಮಗನಷ್ಟಿರುವವರು, ನನ್ನ ಕೈಗೆ ಕೊಟ್ಟರು. ನಾನು ತಿರುಗಿದೆ. ಅವರು ಮೊದಲೇ ಎರಡೂ ಕೈ ಮುಂದೆ ಮಾಡಿದ್ದರು. ಹಗ್ಗ ಎಳೆದೂ ಎಳೆದೂ ದಡ್ಡುಗಟ್ಟಿದ್ದ ಆ ಅಂಗೈ ಒಂದು ವರ್ಷ ಗಂಟೆ ಮುಟ್ಟದಿದ್ದರೂ ಇನ್ನೂ ಒರಟಾಗಿಯೇ ಇತ್ತು. ಸಮಾಧಾನದ ಮಾತನ್ನು ನಾನು ಕನ್ನಡದಲ್ಲಿ ಹೇಳಿದೆ, ಅವರು ಕನ್ನಡದಲ್ಲೇ ಮರುಮಾತು ಹೇಳಿದರು. ಕೈ ಬಿಡುವ ಮೊದಲು ಒಂದು ಕ್ಷಣ ಒತ್ತಿ ಹಿಡಿದರು.

ಎದುರಿನಲ್ಲಿ ಹಾರ್ಮೋನಿಯಂ ಕಾಣಿಕೆಯ ಸಂಗೀತಕ್ಕೆ ಸ್ವರ ಕೊಟ್ಟಿತು. ಅವರು ಪುಸ್ತಕ ತಂದಿರಲಿಲ್ಲ. ನನ್ನದನ್ನು ಇಬ್ಬರ ನಡುವೆ ಹಿಡಿದೆ.